ವಸುಮತಿಯ ಮನೆಗೆ ಬಂದ ನೆಂಟರು

ಪುಸ್ತಕ ಬರದ ವಾರಗಳಲ್ಲೇ ನಮ್ಮ ಮನೆಯಲ್ಲಿ ಕಥೆ ಚೆನ್ನಾಗಿರುತ್ತಿತ್ತು. ಪುಸ್ತಕ ಅಂದರೆ ಬೆಂಗಳೂರಿನಿಂದ ಬರುತ್ತಿದ್ದ ವಾರಪತ್ರಿಕೆ. ಹೊಸೂರಿನಲ್ಲಿ ಆಗ ಅದು ಸಿಗುತ್ತಿದ್ದದ್ದು ಬಸ್ ಸ್ಟ್ಯಾಂಡಿನ ಎದುರಿನ ಒಂದು ಬಾಳೆಹಣ್ಣಿನ ಅಂಗಡಿಯಲ್ಲಿ. ತಮಿಳು ಪತ್ರಿಕೆಗಳು ಹಗ್ಗದ ಮೇಲೆ ಒಣಗಹಾಕಿದ ಬಟ್ಟೆಯ ಹಾಗೆ ಸಾಲಾಗಿ ತೂಗುತ್ತಿದ್ದವು. ನಮ್ಮದು ಗೊನೆಯ ಹಿಂದೆ, ಸುತ್ತಿದ ಕಟ್ಟಿನಲ್ಲಿ, ಕೇಳಿದವರಿಗೆ ಮಾತ್ರ. ಆ ಕಟ್ಟು ಬೆಂಗಳೂರಿನ ಬಸ್ಸಿನ ಟಾಪಿನ ಮೇಲೆ ಬರಬೇಕು. ಕೆಲವು ವಾರ ಅತ್ತಿಬೆಲೆಯಲ್ಲೇ ಇಳಿದುಬಿಡುತ್ತಿತ್ತು. ಕೆಲವು ವಾರ ಕಂಡಕ್ಟರು ಮರೆತು ಕೃಷ್ಣಗಿರಿಗೆ ಹೊತ್ತುಕೊಂಡು ಹೋಗುತ್ತಿದ್ದ. ಅಪ್ಪ ತಾಲ್ಲೂಕು ಕಚೇರಿಯಿಂದ ಬರುವಾಗ ಅಂಗಡಿಯವನು ದೂರದಿಂದಲೇ ಕೈಯಾಡಿಸಿ "ವರಲೆ ಸಾರ್", ಬಂದಿಲ್ಲ ಸಾರ್, ಅನ್ನುತ್ತಿದ್ದನಂತೆ. ಅಪ್ಪ ಮನೆಗೆ ಬಂದು, ಚಪ್ಪಲಿ ಬಿಡುವ ಮುಂಚೆ, ಅದೇ ತಮಿಳಿನಲ್ಲಿ ಅದೇ ಕೈಯಾಡಿಸಿ "ವರಲೆ" ಅಂದರೆ ನಮಗೆಲ್ಲ ಗೊತ್ತಾಗುತ್ತಿತ್ತು: ಈ ವಾರ ವಸುಮತಿಯ ಮನೆಗೆ ನೆಂಟರು ಬರುತ್ತಾರೆ.

ವಸುಮತಿ ಆ ಪತ್ರಿಕೆಯಲ್ಲಿ ಬರುತ್ತಿದ್ದ ಧಾರಾವಾಹಿಯ ನಾಯಕಿ. ಮೈಸೂರಿನಲ್ಲಿ ದೊಡ್ಡ ಮನೆ, ಹಿತ್ತಲಲ್ಲಿ ಬಾಡಿಗೆಗೆ ಕೊಡುವ ಹೊರಮನೆ, ವಕೀಲ ಗಂಡ, ಮಾತಿಗೆ ಮುಂಚೆ ಕೆಮ್ಮುವ ಮಾವ. ಬರೆದವರ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಗಂಡನ ಹೆಸರು ಹೇಳದ ಹಾಗೆ ಅದೂ ಒಂದು ಮರ್ಯಾದೆ ಅಂತ ಅಜ್ಜಿ, ಅಪ್ಪನ ತಾಯಿ, ರೂಢಿ ಮಾಡಿಬಿಟ್ಟಿದ್ದಳು. ಅಜ್ಜಿಗೆ ಅವರು "ಬರೆಯೋ ಅಮ್ಮ". ಆಕೆ ಎಲ್ಲಿದ್ದಾರೆ, ಎಷ್ಟು ವಯಸ್ಸು, ನಮಗೇನೂ ಗೊತ್ತಿರಲಿಲ್ಲ. ಆದರೆ ಅವರಿಗೆ ಕಾಲುನೋವು ಇದೆ ಅಂತ ಅಜ್ಜಿ ನಿರ್ಧರಿಸಿದ್ದಳು, ಯಾಕೆಂದರೆ ಕಥೆಯಲ್ಲಿ ಯಾರೂ ಮೆಟ್ಟಿಲು ಹತ್ತುತ್ತಿರಲಿಲ್ಲ.

ನಮ್ಮ ಮನೆ ಹಳೇ ಪೇಟೆಯಲ್ಲಿ, ಬೆಟ್ಟದ ಬುಡಕ್ಕೆ. ಪೋಣಿಸಿದ ಹಾಗೆ ಒಂದರ ಹಿಂದೊಂದು ಜಗಲಿ, ನಡುಮನೆ, ಅಡುಗೆಮನೆ, ಹಿತ್ತಲು. ಮುಂಬಾಗಿಲಲ್ಲಿ ನಿಂತರೆ ಹಿತ್ತಲಿನ ಒಗೆಯುವ ಕಲ್ಲು ಕಾಣುತ್ತಿತ್ತು. ಹಾಗಾಗಿ ಆ ಮನೆಯಲ್ಲಿ ಯಾರಿಗೂ ಮರೆಯಾಗಿ ಅಳಲು ಆಗುತ್ತಿರಲಿಲ್ಲ. ನಡುಮನೆಗೆ ಕಿಟಕಿಯಿಲ್ಲ, ಮಾಡಿನಲ್ಲಿ ಒಂದು ಗಾಜಿನ ಹೆಂಚು. ಅದರಿಂದ ಬಿದ್ದ ಬಿಸಿಲಿನ ಚೌಕ ಊಟದ ಹೊತ್ತಿಗೆ ಕಂಬದ ಬುಡದಿಂದ ಹೊರಟು, ಅಜ್ಜಿಯ ಚಾಪೆ ದಾಟಿ, ಮೆಲ್ಲಗೆ ಅಡುಗೆಮನೆಯ ಹೊಸಿಲಿಗೆ ಹೋಗುತ್ತಿತ್ತು. ಅಪ್ಪನ ತಂಗಿ ಕಮಲತ್ತೆ ಓದುತ್ತಿದ್ದದ್ದು ಆ ಚೌಕದೊಳಗೆ ಕೂತು. ಗುರುವಾರ ಬಂದ ಪುಸ್ತಕ ಭಾನುವಾರದವರೆಗೆ ಉಪ್ಪಿನಕಾಯಿ ಜಾಡಿಯ ಮೇಲೆ ಮುಚ್ಚಳದ ಹಾಗೆ ಇರಬೇಕು, ಯಾರೂ ಮೊದಲೇ ಬಿಡಿಸಬಾರದು. ಭಾನುವಾರ ಮಧ್ಯಾಹ್ನ ಅಜ್ಜಿ, ಅಪ್ಪ, ನಾನು ಸುತ್ತ ಕೂತ ಮೇಲೆ ಓದು ಶುರು. ಬಿಸಿಲು ಸರಿದ ಹಾಗೆ ಕಮಲತ್ತೆಯೂ ಓದು ನಿಲ್ಲಿಸದೆ ಕೂತಲ್ಲೇ ಜರುಗುತ್ತಾ ಜರುಗುತ್ತಾ, ಕಥೆ ಮುಗಿಯುವ ಹೊತ್ತಿಗೆ ಹೊಸಿಲು ಮುಟ್ಟುತ್ತಿದ್ದಳು. ಅಮ್ಮ ಅದರಾಚೆ, ಪಾತ್ರೆಗಳ ನಡುವೆ. ಎಷ್ಟೋ ವಾರ ಅಮ್ಮನಿಗೆ ಸರಿಯಾಗಿ ಕೇಳಿಸಿದ್ದು ಕಥೆಯ ಕೊನೆ ಮಾತ್ರ.

ಪುಸ್ತಕ ಬರದ ಭಾನುವಾರ ತಪ್ಪಿಹೋದ ಕಂತನ್ನು ನಾವೇ ಹೇಳಿಕೊಳ್ಳುತ್ತಿದ್ದೆವು. ಇದು ಅಜ್ಜಿಯ ತವರಿನಿಂದ ಬಂದದ್ದು. ಅವಳ ಅಪ್ಪ ಬಾಗಲೂರಿನ ಕಡೆ ಪುರಾಣ ಓದುವವರು. ಮಳೆ ಬಂದು ಜನ ಸೇರದ ದಿನ, ಇಲ್ಲವೇ ಮುಂದಿನದು ಸಾವಿನ ಭಾಗವಾಗಿ ಊರಲ್ಲಿ ಮದುವೆಯಿದ್ದ ದಿನ, ಗ್ರಂಥ ಮುಚ್ಚಿಟ್ಟು ತಾವೇ ಕಟ್ಟಿದ ಒಂದು ಜೀವವನ್ನು ಕಥೆಯೊಳಗೆ ಬಿಡುತ್ತಿದ್ದರಂತೆ. ರಾಣಿಗೆ ಮಜ್ಜಿಗೆ ತರುವ ಒಬ್ಬ ಮುದುಕಿ, ಕುದುರೆಗೆ ಲಾಳ ಕಟ್ಟುವ ಒಬ್ಬ ವಾಚಾಳಿ. ಅವರು ಬಂದು, ನಗಿಸಿ, ಒಂದು ಉಪಕಾರ ಮಾಡಿ, ಗ್ರಂಥ ಮತ್ತೆ ತೆರೆಯುವುದರೊಳಗೆ ಹೊರಟುಹೋಗಬೇಕು. ಹೋದ ಮೇಲೆ ಬಂದಿದ್ದರ ಗುರುತೂ ಇರಬಾರದು. ಅಜ್ಜಿ ಅದೇ ಕಟ್ಟಳೆಯನ್ನು ವಾರಪತ್ರಿಕೆಗೂ ತಂದಳು. ನಾವು ಕಟ್ಟಿದ ಹೊಸಬರಿಗೆ ನಮ್ಮ ಮನೆಯಲ್ಲಿ ನೆಂಟರು ಅಂತ ಹೆಸರು. ಶುರುಮಾಡುವ ಮುಂಚೆ ಅಜ್ಜಿ ಉಪ್ಪಿನಕಾಯಿ ಜಾಡಿಯ ಕಡೆ ಕೈಮುಗಿದು, ನಿನ್ನ ಮನೆಗೆ ಬತ್ತಾ ಇದೀವಿ ತಾಯಿ, ಬಾಗ್ಲು ತೆಗಿ, ಅನ್ನುವಳು. ಆಮೇಲೆ ನಮಗೆ, ಪ್ರತಿ ಸಲವೂ, ಹೊಸದಾಗಿ ಹೇಳುವ ಹಾಗೆ:

"ಮನೆ ಅವಳ್ದು, ನಾವು ನೆಂಟ್ರು. ಅವಳು ಸಾಯ್ಸಿದೋರ್ನ ಬದುಕಿಸ್‌ಬಾರ್ದು, ಮದ್ವೆ ಮಾಡ್ಸಿದೋರ್ನ ಬಿಡಿಸ್‌ಬಾರ್ದು, ಅಟ್ಟದ ಮೇಲಿನ ಪಾತ್ರೆ ಇಳಿಸ್‌ಬಾರ್ದು. ಉಂಡು, ಎಲೆ ಎತ್ತಿ, ಮುಂದಿನ ಪುಸ್ತಕ ಬರೋದ್ರೊಳ್ಗೆ ಹೊರಡ್ಬೇಕು."

ಅಪ್ಪನ ನೆಂಟರೆಲ್ಲ ಸರ್ಕಾರಿ ನೌಕರರು. ಒಂದು ಸಲ ಸರ್ವೆಯವನು ಸರಪಳಿ ಹಿಡಿದುಕೊಂಡು ಬಂದು ವಸುಮತಿಯ ಕಾಂಪೌಂಡು ಅಳೆದು ಕಾಫಿ ಕುಡಿದು ಹೋದ. ಇನ್ನೊಂದು ಸಲ ಅದೇ ಅಳತೆಯನ್ನು ಪರಿಶೀಲಿಸಲು ಅವನ ಮೇಲಧಿಕಾರಿ ಬಂದ. ಅಣ್ಣನ ನೆಂಟರು ಬಂದುಹೋದಾಗೆಲ್ಲ ವಸುಮತಿಯ ಜಾಗ ಒಂದೊಂದು ಅಡಿ ಕಮ್ಮಿಯಾಗುತ್ತದೆ ಅಂತ ಕಮಲತ್ತೆ ಛೇಡಿಸಿದರೆ ಅಪ್ಪ ಬೇಸರಮಾಡಿಕೊಳ್ಳದೆ, ಹಾಗಾದರೆ ಅರ್ಜಿ ಹಾಕಲಿ ಅನ್ನುವನು. ನನ್ನ ನೆಂಟಳು ಸಿಸ್ಟರ್ ಫಿಲೋಮಿನಾ. ನಾನು ಓದುತ್ತಿದ್ದ ಕಾನ್ವೆಂಟಿನ ನಾಲ್ಕಾರು ಸಿಸ್ಟರುಗಳನ್ನು ಕಲಸಿ ಮಾಡಿದ ಆಕೆಗೆ ಬಿಳಿ ಬಟ್ಟೆ, ಕಪ್ಪು ಕೊಡೆ, ಸೀಮೆಸುಣ್ಣದ ವಾಸನೆಯ ಬೆರಳು. ಆಕೆ ವಸುಮತಿಗೆ ಉಲ್ಲನ್ ಹಾಕುವುದು ಕಲಿಸಲು ಬಂದಳು. ಸಿಸ್ಟರು ಎಲ್ಲಿಯವರೆಗೆ ಒಳಗೆ ಬರಬಹುದು ಅಂತ ಅಜ್ಜಿಗೂ ನನಗೂ ದೊಡ್ಡ ತಕರಾರಾಯಿತು. ಜಗಲಿಯಲ್ಲೇ ಕಾಫಿ ಕೊಡಲಿ ಅಂತ ಅಜ್ಜಿ. ನಮ್ಮ ಸಿಸ್ಟರುಗಳು ನಮಗಿಂತ ಹೆಚ್ಚು ಸಲ ಕೈ ತೊಳೆಯುತ್ತಾರೆ ಅಂತ ನಾನು ಅತ್ತೆ. ಕೊನೆಗೆ ಅಜ್ಜಿ ನಡುಮನೆಯಲ್ಲಿ ಕುರ್ಚಿ ಹಾಕಿಸಿದಳು. ಆದರೆ ಹೊರಡಿಸುವಾಗ ನಾನು ಕೊಡೆಯನ್ನು ಮರೆತಿದ್ದೆ. ವಸುಮತಿಯ ಮನೆಯ ಮೂಲೆಯಲ್ಲಿ ನಮ್ಮ ಕೊಡೆ ಉಳಿಯಬಾರದು ಅಂತ, ಬಸ್ ಹತ್ತಿದ್ದ ಸಿಸ್ಟರನ್ನು ಇಳಿಸಿ, ವಾಪಸು ನಡೆಸಿಕೊಂಡು ಬಂದು, ಕೊಡೆ ತೆಗೆದುಕೊಂಡು ಹೋಗುವ ಹಾಗೆ ಅಜ್ಜಿ ನನ್ನಿಂದಲೇ ಹೇಳಿಸಿದಳು.

ಈ ಪಾಠ ನನಗೆ ಬಹಳ ಚೆನ್ನಾಗಿ ಹತ್ತಿತು. ಮದುವೆಯಾಗಿ ಗಂಡನ ಮನೆಗೆ ಹೋದ ಮೇಲೆ ನಾನು ಅತ್ತೆಯವರ ಯಾವ ಡಬ್ಬಿಯನ್ನೂ ಇದ್ದ ಕಡೆಯಿಂದ ಕದಲಿಸಲಿಲ್ಲ. ಸಾಸಿವೆ ಅವರು ಇಟ್ಟಲ್ಲೇ, ಉಪ್ಪು ಅವರು ಇಟ್ಟಲ್ಲೇ. ಎಂಥ ಒಳ್ಳೇ ಸೊಸೆ ಅಂತ ಬಂದವರು ಹೊಗಳಿದರು. ಅವರು ತೀರಿಕೊಂಡ ಮೇಲೂ ಬಹಳ ಕಾಲ ಸಾಸಿವೆಗೆ ತುದಿಗಾಲಲ್ಲಿ ನಿಂತು ಕೈ ಚಾಚುತ್ತಿದ್ದೆ. ಅವರು ನನಗಿಂತ ಎತ್ತರವಿದ್ದರು. ಬದುಕು ಪೂರ್ತಿ ಬೇರೆ ಯಾರೋ ಬರೆದ ಮನೆಯೊಳಗೆ ಹೀಗೆ ಹುಷಾರಾಗಿ ಓಡಾಡಿದ್ದೇನೆ ಅನ್ನಿಸಿದಾಗ ಮೈಗಿಂತ ಮನಸ್ಸಿಗೆ ಹೆಚ್ಚು ದಣಿವಾಗುತ್ತದೆ. ಆಗ ನೆನಪಾಗುವುದು ಅಜ್ಜಿಯ ಕಟ್ಟಳೆ ಮುರಿದ ಒಂದು ಅವರೆಕಾಯಿ ಕಾಲ.

ಕಮಲತ್ತೆ ಗೌರಿ ಹಬ್ಬಕ್ಕೆ ಅಂತ ಕೃಷ್ಣಗಿರಿಯಿಂದ ಬಂದವಳು. ಬಾಗಿನ ಕೊಟ್ಟಾಯಿತು, ಗಣಪತಿಯನ್ನು ನೀರಿಗೆ ಬಿಟ್ಟಾಯಿತು, ದಸರೆ ಕಳೆಯಿತು, ಅವಳು ಹೊರಡಲಿಲ್ಲ. ಅವಳ ಗಂಡನಿಗೆ ಅಲ್ಲಿ ಮಾವಿನ ಮಂಡಿ. ಮಕ್ಕಳಾಗಲಿಲ್ಲ ಅಂತ ಆತ ಇನ್ನೊಬ್ಬಳನ್ನು ಬೇರೆ ಮನೆಯಲ್ಲಿ ಇಟ್ಟುಕೊಂಡಿದ್ದ, ಆ ಮನೆಯಲ್ಲಿ ಮಗುವೂ ಆಗಿತ್ತು. ಇದನ್ನು ನನಗೆ ಯಾರೂ ಹೇಳಲಿಲ್ಲ. ಮೂರು ಭಾಷೆಯ ಮನೆಗಳಲ್ಲಿ ಮಕ್ಕಳಿಗೆ ಗೊತ್ತಾಗಬಾರದ್ದನ್ನು ದೊಡ್ಡವರು ತೆಲುಗಿನಲ್ಲಿ ಆಡುತ್ತಾರೆ, ಮಕ್ಕಳು ಮೊದಲು ಕಲಿಯುವುದು ಅದನ್ನೇ. ಕಮಲತ್ತೆಯ ತಗಡಿನ ಟ್ರಂಕು ಜಗಲಿ ಬಾಗಿಲ ಹಿಂದೆಯೇ ಇತ್ತು. ಬಾಚಣಿಗೆ ಬೇಕಾದರೆ ಅದರಿಂದ ತೆಗೆದು, ಬಾಚಿಕೊಂಡು, ಮತ್ತೆ ಅದರೊಳಗೇ ಇಡುವಳು. ಎಲ್ಲರೂ ಏಳುವ ಮುಂಚೆ ಹಾಸಿಗೆ ಸುತ್ತಿಡುವಳು. ಊಟಕ್ಕೆ ಕೊನೆಗೆ ಕೂತು, ತಳದಲ್ಲಿ ಎಷ್ಟಿದೆ ನೋಡಿ ಅದಕ್ಕೆ ತಕ್ಕ ಹಸಿವು ತೋರಿಸುವಳು. ಅಮ್ಮನಿಗೂ ಅವಳಿಗೂ ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. ಒಂದು ದಿನ ಅಮ್ಮ ಹಿತ್ತಲಲ್ಲಿದ್ದಾಗ ಅವಳೇ ಸಾರು ಮಾಡಿದಳು. ಅಪ್ಪ ಬಾಯಿ ಚಪ್ಪರಿಸಿ, ಅಮ್ಮನ ಕೈರುಚಿ ಬಂದಿದೆ ಅಂದ. ಅಪ್ಪ ಹೇಳಿದ್ದು ಅವನ ಅಮ್ಮನ ಕೈ. ನಮ್ಮಮ್ಮ ಅವತ್ತು ಸಂಜೆಯವರೆಗೂ ಯಾರೊಂದಿಗೂ ಮಾತಾಡಲಿಲ್ಲ. ಕಮಲತ್ತೆ ಮತ್ತೆ ಕೇಳದೆ ಒಲೆ ಮುಟ್ಟಲಿಲ್ಲ.

ಅಮ್ಮ ನಮ್ಮ ಕಥೆಗೆ ಯಾವತ್ತೂ ನೆಂಟರನ್ನು ತರಲಿಲ್ಲ. ಒಂದು ಸಲ ನಾನು ಸೆರಗು ಹಿಡಿದು ಪೀಡಿಸಿದೆ. ಅಮ್ಮ ಸೌದೆ ಊದುತ್ತಿದ್ದವಳು, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡೇ, ನಿಜವಾದವರಿಗೆ ಬೇಯಿಸಿ ಹಾಕಿ ಸಾಕಾಗಿದೆ, ಕಥೆಯೊಳಗೂ ಕರೆದುಕೊಂಡು ಬಂದು ಕೂರಿಸಲಾ, ಅಂದಳು. ಅಮ್ಮ ಏಳುತ್ತಿದ್ದದ್ದು ಹಾಲಿನವನಿಗಿಂತ ಮುಂಚೆ. ನಾನು ಎದ್ದು ಅಮ್ಮ ಮಲಗಿರುವುದನ್ನು ನೋಡಿದ ಬೆಳಗು ಒಂದೂ ಇರಲಿಲ್ಲ. ನಮಗೆಲ್ಲ ಅಮ್ಮ ಮಲಗುತ್ತಾಳೆ ಅನ್ನುವುದೇ ಒಂದು ಕೇಳಿದ ಸಂಗತಿ.

ಅವರೆಕಾಯಿ ಬಂತು. ಮನೆಯ ತುಂಬ ಅದರ ಸೊನೆಯ ವಾಸನೆ. ಕಾಳು ಬಿಡಿಸಿ, ನೀರಲ್ಲಿ ನೆನೆಹಾಕಿ, ಒಂದೊಂದನ್ನೇ ಬೆರಳಲ್ಲಿ ಹಿತುಕಿ ಸಿಪ್ಪೆಯಿಂದ ಬೇಳೆ ಹಾರಿಸುವ ಕೆಲಸ ಮುಗಿಯುವಂಥದ್ದಲ್ಲ. ಕಥೆಗೆ ಅದಕ್ಕಿಂತ ಒಳ್ಳೇ ಕಾಲವೂ ಇಲ್ಲ. ಅಂಥ ಒಂದು "ವರಲೆ" ಭಾನುವಾರ ಕಮಲತ್ತೆ ತನ್ನ ನೆಂಟಳನ್ನು ತಂದಳು. ಹೆಸರು ಪದ್ಮಾವತಿ. ವಸುಮತಿಯ ಹೊರಮನೆ ಬಾಡಿಗೆಗಿದೆಯಾ ಅಂತ ಕೇಳಿಕೊಂಡು, ಹೊಲಿಗೆ ಮಿಷನ್ನು ಹೊರಿಸಿಕೊಂಡು ಬಂದವಳು. ಒಂಟಿ ಹೆಂಗಸು. ಯಾಕೆ ಒಂಟಿ ಅಂತ ಕಮಲತ್ತೆ ಹೇಳಲಿಲ್ಲ, ಅಜ್ಜಿಯೂ ಕೇಳಲಿಲ್ಲ. ಪದ್ಮಾವತಿ ಬೀದಿಗೆ ಕೇಳುವ ಹಾಗೆ ನಗುತ್ತಿದ್ದಳು. ಸೀರೆಯನ್ನು ಅಂಗಳದ ನಟ್ಟನಡುವಿನ ತಂತಿಯ ಮೇಲೆ ಹರವುತ್ತಿದ್ದಳು. ಮುಂದಿನ ಜಗಲಿಯಲ್ಲಿ ಕೂತು ತಲೆ ಬಾಚುತ್ತಿದ್ದಳು. ವಸುಮತಿ ಬಡಿಸುವಾಗ, ಪಲ್ಯ ಇನ್ನೊಂಚೂರು ಹಾಕಿ, ಚೆನ್ನಾಗಿದೆ, ಅಂತ ಬಾಯಿಬಿಟ್ಟು ಕೇಳುತ್ತಿದ್ದಳು. ಹೇಳುತ್ತಾ ಹೇಳುತ್ತಾ ಕಮಲತ್ತೆಯ ಬೆರಳಿನಿಂದ ಬೇಳೆ ಬಟ್ಟಲು ಬಿಟ್ಟು ಎಲ್ಲೆಲ್ಲಿಗೋ ಹಾರುತ್ತಿದ್ದವು. ನಾವೆಲ್ಲ ನಕ್ಕೂ ನಕ್ಕೂ ಸುಸ್ತಾದೆವು. ಅಪ್ಪ ತನ್ನ ಸರ್ವೆಯವನನ್ನು ಕಳಿಸಿ ಹೊರಮನೆಗೆ ಪ್ರತ್ಯೇಕ ನಂಬರು ಕೊಡಿಸುತ್ತೇನೆ ಅಂದ.

ಮುಂದಿನ ವಾರ ಪುಸ್ತಕ ಬಂತು. ಕಟ್ಟಳೆಯಂತೆ ಪದ್ಮಾವತಿ ಅಷ್ಟರಲ್ಲಿ ಹೊರಟಿರಬೇಕಿತ್ತು. ಹೊರಟಳೇನೇ ಅಂತ ಅಜ್ಜಿ ಕೇಳಿದರೆ, ಮಿಷನ್ನು ಕೆಟ್ಟಿದೆಯಂತೆ, ರಿಪೇರಿಯಾಗಲಿ ಅಂದಳು ಕಮಲತ್ತೆ. ಅದರ ಮುಂದಿನ ವಾರ ಪದ್ಮಾವತಿಗೆ ಜ್ವರ. ಜ್ವರದವರನ್ನು ಹೊರಡಿಸಲಿಕ್ಕೆ ಆಗುತ್ತದೆಯೇ. ಆಮೇಲೆ ಯಾರದೋ ಮದುವೆಯ ರವಿಕೆಗಳು ಹೊಲಿದು ಕೊಡುವುದು ಬಾಕಿ. ಅಚ್ಚಾದ ಕಂತು ಓದಿ ಮುಗಿದ ಮೇಲೂ ಕಮಲತ್ತೆ ಪುಸ್ತಕ ಮಡಿಚಿಟ್ಟು, ಅದೇ ಹೊತ್ತಿಗೆ ಹೊರಮನೆಯಲ್ಲಿ ಪದ್ಮಾವತಿ, ಅಂತ ಶುರುಮಾಡುವಳು. ಅಜ್ಜಿಯ ಮುಖ ಬಿಗಿಯತೊಡಗಿತು. ಬರೆಯೋ ಅಮ್ಮನ ಮನೆಯಲ್ಲಿ ನಾವು ಇಷ್ಟು ದಿನ ಕೂತರೆ ಏನು ಚೆನ್ನ, ಕೊಟ್ಟ ಸಲಿಗೆ ಮೀರಬಾರದು ಅಂತ ಗೊಣಗುವಳು. ಆಕೆಯ ಮೇಲಿನ ಅಭಿಮಾನವೇ ಇದು, ಹುಸಿಯಲ್ಲ. ಒಂದೊಂದು ಸಲ ನಾವು ಊಹಿಸಿದ್ದೇ ಮುಂದಿನ ಕಂತಿನಲ್ಲಿ ಅಚ್ಚಾಗಿ ಬಂದರೆ, ದೇವರು ಬಲಗಡೆ ಹೂ ಕೊಟ್ಟಷ್ಟು ಅಜ್ಜಿಗೆ ಖುಷಿ.

ಆ ವಾರವೇ ಕೃಷ್ಣಗಿರಿಯಿಂದ ಕಮಲತ್ತೆಯ ಗಂಡನ ಚಿಕ್ಕಪ್ಪ ಅಪ್ಪನ ಕಚೇರಿಗೆ ಬಂದುಹೋದರು. ಸಂಕ್ರಾಂತಿ ಕಳೆದ ಮೇಲೆ ಬಂದು ಕರೆದುಕೊಂಡು ಹೋಗುತ್ತೇವೆ, ಎರಡು ಮನೆ ನಡೆಸುವುದು ಕಷ್ಟ, ಇಬ್ಬರೂ ಒಂದೇ ಮನೆಯಲ್ಲಿ ಹೊಂದಿಕೊಂಡಿರಲಿ, ದೊಡ್ಡವಳು ಅನ್ನುವ ಮರ್ಯಾದೆ ಕಮಲನಿಗೇ, ಅಂತ ಹೇಳಿದರಂತೆ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕಚೇರಿಯಲ್ಲಿ ಕಾಗದ ಮೇಲಕ್ಕೆ ಕಳಿಸುವ ಹಾಗೆ ಮಾತನ್ನು ಅಜ್ಜಿಗೆ ತಂದು ಒಪ್ಪಿಸಿದ. ಅಜ್ಜಿ ಬಹಳ ಹೊತ್ತು ಮಂಡಿ ಸವರಿಕೊಂಡಳು.

"ನಾನಿರೋವರ್ಗೂ ಸರಿ ಕಣ್ಲಾ. ನಾನು ಹೋಗ್ಬುಟ್ಟ ಮೇಲೆ? ಹೆಂಗ್ಸು ಇನ್ನೊಬ್ಳು ಹೆಂಗ್ಸಿನ ಒಲೆ ಮುಂದೆ ಎಷ್ಟ್ ವರ್ಷಾಂತ ನೆಂಟಳಾಗಿ ಕೂತಾಳು? ಲಲಿತ ಬಾಯಿ ಬಿಟ್ಟು ಹೇಳಲ್ಲ, ಅವಳ್ಗೂ ಸಾಕಾಗಿರ್ತದೆ."

ಲಲಿತ ನಮ್ಮಮ್ಮ. ಅವಳು ಆಗ ಹೊಸಿಲಾಚೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ಕಮಲತ್ತೆಯನ್ನೂ ಯಾರೂ ಕೇಳಲಿಲ್ಲ. ಹಿತ್ತಲಲ್ಲಿ ಅವಳು ಬಟ್ಟೆ ಕುಕ್ಕುತ್ತಿದ್ದ ಸದ್ದು ನಡುವೆ ಒಂದು ಸಲ ನಿಂತು, ಮತ್ತೆ ಶುರುವಾಯಿತು. ಸಂಜೆ ಅಜ್ಜಿ ಮಗಳನ್ನು ಕರೆದು ತಲೆಗೆ ಎಣ್ಣೆ ಹಚ್ಚುತ್ತಾ, ಹಬ್ಬದೊಳಗೆ ನಿನ್ನ ಪದ್ಮಾವತಿಯನ್ನು ಹೊರಡಿಸಿಬಿಡು ಅಂದಳು. ಅಷ್ಟೇ ಅಂದಳು. ಕೃಷ್ಣಗಿರಿಯ ಹೆಸರೆತ್ತಲಿಲ್ಲ. ನಮ್ಮ ಮನೆಯಲ್ಲಿ ಕಷ್ಟದ ಮಾತುಗಳೆಲ್ಲ ಅಷ್ಟರಲ್ಲಿ ವಸುಮತಿಯ ಮನೆಯ ಬಾಗಿಲಿಂದಲೇ ಬರುವ ರೂಢಿಯಾಗಿಬಿಟ್ಟಿತ್ತು. ಹೇಳಿದ್ದು ಯಾರಿಗೆ ಅಂತ ನನಗೂ ಗೊತ್ತಾಯಿತು. ಎಣ್ಣೆ ಹಚ್ಚಿಸಿಕೊಂಡ ಕಮಲತ್ತೆ ಬಾಚಣಿಗೆಯನ್ನು ಟ್ರಂಕಿನಲ್ಲಿಟ್ಟು, ಮುಚ್ಚಳ ಹಾಕಿ, ಅದರ ಮೇಲೆಯೇ ಸ್ವಲ್ಪ ಹೊತ್ತು ಕೂತಿದ್ದಳು.

ಹಬ್ಬಕ್ಕೆ ಮುಂಚಿನ ಭಾನುವಾರ. ಪುಸ್ತಕ ಬಂದಿತ್ತು. ಅಪ್ಪ ಕಂಬಕ್ಕೆ ಒರಗಿ ಕಾಲುಗುರು ತೆಗೆದುಕೊಳ್ಳುತ್ತಿದ್ದ. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು, ಮುಖಗಳು ಮಸುಕಾಗಿ ಕಂಡರೂ ದನಿಯಲ್ಲಿ ಅವಳಿಗೆ ಎಲ್ಲ ಕಾಣುತ್ತಿತ್ತು. ನಾನು ಕಮಲತ್ತೆಯ ಮಗ್ಗುಲಲ್ಲಿ. ಕಾನ್ವೆಂಟಿನಲ್ಲಿ ಕನ್ನಡ ಹೇಳಿಕೊಡುತ್ತಿರಲಿಲ್ಲ. ನಾನು ಅಕ್ಷರ ಕಲಿತದ್ದು ಅವಳು ಓದುವ ಸಾಲಿನ ಕೆಳಗೆ ಬೆರಳು ಓಡಿಸುತ್ತಾ. ಆ ವಾರದ ಕಂತಿನಲ್ಲಿ ವಸುಮತಿ ಮಾವನಿಗೆ ಕಷಾಯ ಕಾಯಿಸುತ್ತಿದ್ದಳು. ಮಾವ ಕೆಮ್ಮಿದರು. ಗಂಡ ಕೋರ್ಟಿನಿಂದ ಇನ್ನೂ ಬಂದಿರಲಿಲ್ಲ. ಕಮಲತ್ತೆ ಸಮದನಿಯಲ್ಲಿ ಓದುತ್ತಾ ಹೋಗಿ, "ಅಷ್ಟರಲ್ಲಿ ಹೊರಮನೆಯಿಂದ ಪದ್ಮಾವತಿ ಬಂದಳು" ಅಂದಳು. ನನ್ನ ಬೆರಳು ನಿಂತಿತು. ಅಲ್ಲಿ ಅಂಥ ಸಾಲಿರಲಿಲ್ಲ. ಅಲ್ಲಿ ಕಷಾಯ ಉಕ್ಕಿತ್ತು. ನಾನು ತಲೆಯೆತ್ತಿ ನೋಡಿದೆ. ಅವಳು ಪುಸ್ತಕದಿಂದ ಕಣ್ಣು ತೆಗೆಯಲಿಲ್ಲ. ಮೂಗುತಿಯ ಕೆಳಗೆ ಬೆವರಿನ ಒಂದು ಹನಿ. ನಾನು ಮತ್ತೆ ಬೆರಳು ಓಡಿಸತೊಡಗಿದೆ.

ಅಜ್ಜಿ ಚಾಪೆಯ ಮೇಲೆ ಎದ್ದು ಕೂತಳು.

"ಏನಂದೆ? ಬರೆಯೋ ಅಮ್ಮ ಬರ್ದವ್ಳಾ?"

"ಹೂಂ ಅಮ್ಮ. ಅಚ್ಚಾಗಿದೆ."

"ನಾವು ಕಟ್ಟಿದ್ದು ಅವಳ್ಗೆಂಗೆ ಗೊತ್ತಾಯ್ತೇ?"

ಅಜ್ಜಿ ಅಪ್ಪನಿಗೆ ನೀನು ಓದು ಅಂದಳು. ಅಪ್ಪ, ಕನ್ನಡಕ ಕಚೇರಿಯಲ್ಲೇ ಬಿಟ್ಟುಬಂದಿದ್ದೇನೆ ಅಂದ. ಕನ್ನಡಕ ಅವನ ಜೇಬಿನಲ್ಲಿತ್ತು. ಬಿಸಿಲಿನ ಚೌಕ ಅಷ್ಟರಲ್ಲಿ ಕಮಲತ್ತೆಯನ್ನು ಬಿಟ್ಟು ಮುಂದೆ ಹೋಗಿತ್ತು. ಅವಳು ಜರುಗುವುದನ್ನು ಮರೆತು ಕತ್ತಲಲ್ಲಿ ಪುಸ್ತಕ ಹಿಡಿದುಕೊಂಡಿದ್ದಳು. ಕಾಣುವುದಕ್ಕೇ ಆಗದ ಸಾಲುಗಳ ಮೇಲೆ ಕಣ್ಣಿಟ್ಟಿದ್ದಳು. ಅಜ್ಜಿ ಅಡುಗೆಮನೆಯ ಕಡೆ ತಿರುಗಿದಳು.

"ಲಲಿತಾ, ನೀ ಬಾ ಇಲ್ಲಿ. ನೀನು ಈ ಆಟಕ್ಕೆ ಯಾವತ್ತೂ ಬಂದೋಳಲ್ಲ, ನೀನು ಯಾರ ಕಡೇನೂ ಅಲ್ಲ. ಏನ್ ಬರ್ದಿದೆ ಓದು."

ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು. ಬೆರಳುಗಳು ಅವರೆ ಸೊನೆಗೆ ಕಪ್ಪಾಗಿ ಅಂಟಂಟು. ಪುಸ್ತಕವನ್ನು ತುದಿಯಲ್ಲಿ ಹಿಡಿದು, ಬಿಸಿಲಿದ್ದ ಕಡೆ, ಹೊಸಿಲ ಮೇಲೆಯೇ ಕೂತಳು. ಅಮ್ಮ ಓದುವುದನ್ನು ನಾನು ಕೇಳಿದ್ದು ಅದೇ ಮೊದಲು. ಚಿಕ್ಕ ಕ್ಲಾಸಿಗೇ ಶಾಲೆ ಬಿಟ್ಟವಳು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಕಷಾಯ ಕಾಯಿತು. ಮಾವ ಕೆಮ್ಮಿದರು. ಗಂಡ ಬಂದಿರಲಿಲ್ಲ. ಅಮ್ಮ ಓದು ನಿಲ್ಲಿಸಿದಳು. ಒಳಗೆ ಬೇಳೆ ಉಕ್ಕಿ ಒಲೆಗೆ ಸುರಿಯುವ ಸದ್ದು ಕೇಳಿಸಿತು. ಯಾವ ಕಾಲದಲ್ಲೂ ಅಂಥ ಸದ್ದಿಗೆ ಕೂತಿರದ ಅಮ್ಮ ಅವತ್ತು ಏಳಲಿಲ್ಲ. ಸಾಲಿನ ಮೇಲೆ ಬೆರಳಿಟ್ಟುಕೊಂಡು ಕಮಲತ್ತೆಯನ್ನು ಒಂದು ಸಲ ನೋಡಿದಳು. ಆಮೇಲೆ ಓದಿದಳು, ಈ ಸಲ ತಡವರಿಸದೆ:

"ಪದ್ಮಾವತಿ ಬಂದಳು. ನಾನು ಹೊರಡ್ಬೇಕಂತೆ ಅಕ್ಕ, ಅಂದಳು. ವಸುಮತಿ ಅಂದಳು, ಯಾರಂದ್ರು? ನನ್ನ ಕೇಳಿದ್ರಾ? ಈ ಮನೇಲಿ ಅನ್ನ ಬೇಯ್ಸೋಳು ನಾನು. ಯಾರ್ ಉಣ್ಬೇಕು, ಯಾರ್ ಹೋಗ್ಬೇಕು ಅಂತ ನನ್ನೂ ಒಂದ್ ಮಾತು ಕೇಳ್ಲಿ. ನೀನೆಲ್ಲೂ ಹೋಗ್ಬೇಡ. ಅಲ್ಲಿ ಹೋಗಿ ಇನ್ನೊಬ್ಳ ಮಗೂಗೆ ಆಯಾ ಆಗ್ತೀಯ, ಅಷ್ಟೇ."

ಅದು ಅಚ್ಚಿನ ಕನ್ನಡವಲ್ಲ, ನಮ್ಮಮ್ಮನ ಕನ್ನಡ. ಅಮ್ಮ ಪುಸ್ತಕ ಮಡಿಚಿ, ಮುಂದಿನ ವಾರಕ್ಕೆ ಅಂತ ಇದೆ ಅತ್ತೆ, ಅಂದು ಬೇಳೆಯ ಕಡೆ ಎದ್ದು ಹೋದಳು. ಕಥೆಯೊಳಗೆ ಯಾರಿಗೂ ಮಗುವಿರಲಿಲ್ಲ. ಅಪ್ಪ ಕಾಲುಬೆರಳು ಹಿಡಿದುಕೊಂಡೇ ಕೂತಿದ್ದ. ಕಮಲತ್ತೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಈ ಬರೆಯೋ ಅಮ್ಮ ನಮ್ ಲಲಿತನ ಹಂಗೇ ಮಾತಾಡ್ತಾಳಲ್ಲ," ಅಂದಳು ಅಜ್ಜಿ ಕೊನೆಗೆ. "ಹೋಗ್ಲಿ ಬಿಡು. ಮನೆಯವಳೇ ಇರು ಅಂದ್ಮೇಲೆ ಹೊರಡು ಅನ್ನೋಕೆ ನಾನ್ಯಾರು."

ಸಂಕ್ರಾಂತಿ ಕಳೆದು ಆ ಚಿಕ್ಕಪ್ಪನೂ ಕಮಲತ್ತೆಯ ಗಂಡನೂ ಬಂದರು. ಜಗಲಿಯಲ್ಲಿ ಕೂತು ಎಳ್ಳುಬೆಲ್ಲ ತಿಂದರು. ಗಂಡ ತೆಳ್ಳಗೆ, ಬಿಳೀ ಷರ್ಟು, ನೋಡಲು ಒಳ್ಳೆಯವನ ಹಾಗೆಯೇ ಇದ್ದ. ಅಜ್ಜಿ ಹೇಳಿದ್ದನ್ನು ನಾನು ಬಾಗಿಲ ಹಿಂದೆ, ಟ್ರಂಕಿನ ಪಕ್ಕ ನಿಂತು ಕೇಳಿದೆ. ನನ್ನದೇನೂ ಇಲ್ಲಪ್ಪ, ನಮ್ಮ ಸೊಸೆ ಕಳಿಸುವುದಿಲ್ಲ ಅನ್ನುತ್ತಾಳೆ, ಅವಳ ಮಾತು ಮೀರಿ ಈ ಮನೆಯಲ್ಲಿ ನಾನು ಅನ್ನ ಕಾಣಬೇಕಲ್ಲ, ಅಂದಳು. ಅತ್ತಿಗೆ ನಾದಿನಿಯನ್ನು ಹೊರಗೆ ಹಾಕಿದ ಮನೆಗಳನ್ನು ಅವರು ಬೇಕಾದಷ್ಟು ಕಂಡಿದ್ದರು. ಹಿಡಿದಿಟ್ಟುಕೊಂಡ ಮನೆಗೆ ಏನು ಹೇಳಬೇಕು ಅಂತ ಚಿಕ್ಕಪ್ಪನಿಗೆ ಹೊಳೆಯಲಿಲ್ಲ. ಅಪ್ಪನ ಕಡೆ ನೋಡಿದರು. ಅಪ್ಪ ನಾಲ್ಕು ಸಲ ಗಂಟಲು ಸರಿಮಾಡಿಕೊಂಡು, ಹೌದು, ಹಾಗೇ, ಅಂದ. ಅವನ ಬಾಯಲ್ಲಿ ಅಷ್ಟು ಖಚಿತವಾದ ಮಾತು ನಾನು ಬೇರೆ ಕೇಳಿಲ್ಲ. ಅವರು ಊಟಮಾಡಿದರು, ಹಿತುಕಿದ ಬೇಳೆ ಸಾರನ್ನು ಮತ್ತೆ ಹಾಕಿಸಿಕೊಂಡರು. ಹೊರಡುವಾಗ ಚಿಕ್ಕಪ್ಪ, ಇವತ್ತಿನ ಸೊಸೆಯ ಮಾತು ನಾಳೆಗೆ ಇರುವುದಿಲ್ಲ, ಆಮೇಲೆ ನಮ್ಮನ್ನು ಅನ್ನಬೇಡಿ, ಅಂದರು. ಅಪ್ಪ ಅವರನ್ನು ಬಸ್ ಸ್ಟ್ಯಾಂಡಿನವರೆಗೂ ಬಿಟ್ಟುಬಂದ.

ಚಿಕ್ಕಪ್ಪ ಪೂರ್ತಿ ಸುಳ್ಳು ಹೇಳಲಿಲ್ಲ. ಅಮ್ಮನೂ ಕಮಲತ್ತೆಯೂ ಮುಂದೆ ಅದೇ ಅಡುಗೆಮನೆಯಲ್ಲಿ ಮುದುಕಿಯರಾದರು. ಮಜ್ಜಿಗೆಗೆ ನೀರು ಹೆಚ್ಚಾಯಿತು ಅಂತ, ಕಸಬರಿಕೆ ನಿಲ್ಲಿಸಿದ್ದು ತಪ್ಪು ಅಂತ ದಿನಗಟ್ಟಲೆ ಮಾತು ಬಿಟ್ಟರು. ಕೆಲವು ದಿನ ಅಮ್ಮ ತಾನು ಓದಿದ ಆ ಸಾಲುಗಳಿಗೆ ಪಶ್ಚಾತ್ತಾಪ ಪಟ್ಟಿರಲೂಬಹುದು. ಕಮಲತ್ತೆ ನಿಜಕ್ಕೂ ಮಿಷನ್ನು ಕೊಂಡಳು, ಕಾರ್ಖಾನೆ ಕೆಲಸಕ್ಕೆ ಅಂತ ಕರ್ನಾಟಕದಿಂದ ಬಂದು ಪಕ್ಕದ ಮತ್ತಿಗಿರಿಯಲ್ಲಿ ಬಿಡಾರ ಹೂಡಿದವರ ಹೆಂಡತಿಯರಿಗೆ ರವಿಕೆ ಹೊಲಿದಳು, ಆದರೆ ಪದ್ಮಾವತಿಯ ಹಾಗೆ ಬೀದಿಗೆ ಕೇಳುವಂತೆ ನಗಲಿಲ್ಲ. ಧಾರಾವಾಹಿ ಮುಗಿಯಿತು. ಅಚ್ಚಿನಲ್ಲಿ ಪದ್ಮಾವತಿ ಕೊನೆಯವರೆಗೂ ಬರಲಿಲ್ಲ, ವಸುಮತಿಯ ಹೊರಮನೆ ಖಾಲಿಯೇ ಇತ್ತು. ಬರೆಯೋ ಅಮ್ಮನಿಗೆ ತನ್ನ ಮನೆಯಲ್ಲಿ ನಡೆದದ್ದು ಯಾವತ್ತೂ ತಿಳಿಯಲಿಲ್ಲ.

ಕೃಷ್ಣಗಿರಿಯವರು ಬಸ್ ಹತ್ತಿದ ಆ ಸಂಜೆ ಕಮಲತ್ತೆ ಅಡುಗೆಮನೆಗೆ ಹೋಗಿ ಅಮ್ಮನ ಹಿಂದೆ ನಿಂತಳು. ಅತ್ತಿಗೆ, ಅಂದಳು, ಮುಂದೆ ಬರಲಿಲ್ಲ. ಅಮ್ಮ ಎಂಜಲ ತಟ್ಟೆಗಳನ್ನು ಜೋಡಿಸುತ್ತಿದ್ದವಳು ತಿರುಗದೆಯೇ ಹೇಳಿದಳು:

"ಕಾಲಿಗೆ ಗೀಲಿಗೆ ಬೀಳ್ಬೇಡ, ಸೊಂಟ ನೋಯ್ತಾ ಇದೆ, ಎತ್ತೋಕಾಗಲ್ಲ. ಇನ್ಮೇಲೆ ಆ ನೆಂಟ್ರ ಥರ ಕೂರೋದ್ ಬಿಡು. ನಾಳೆಯಿಂದ ಬೆಳಗಿನ ಒಲೆ ನಿಂದು. ನಾನೊಂದಿಷ್ಟು ಮಲಗ್ತೀನಿ."

ಮಾರನೇ ಬೆಳಿಗ್ಗೆ ನನಗೆ ಎಚ್ಚರವಾದದ್ದು ಅಡುಗೆಮನೆಯಲ್ಲಿ ಯಾರೋ ಅಟ್ಟದ ಪಾತ್ರೆಗಳನ್ನು ಗಡಬಡ ಇಳಿಸುವ ಸದ್ದಿಗೆ. ಹಾಲಿನವನು ಬಂದುಹೋಗಿದ್ದ. ಕಾಫಿ ಕುದಿಯುತ್ತಿತ್ತು, ಸ್ವಲ್ಪ ಹೆಚ್ಚೇ ಕುದಿಯುತ್ತಿತ್ತು. ನಾನು ಮಗ್ಗುಲಿಗೆ ತಿರುಗಿದೆ. ಅಮ್ಮ ಪಕ್ಕದಲ್ಲೇ ಇದ್ದಳು, ಕಂಬಳಿ ಕುತ್ತಿಗೆಯವರೆಗೆ ಎಳೆದುಕೊಂಡು, ಕೈ ಎರಡೂ ಹೊಟ್ಟೆಯ ಮೇಲಿಟ್ಟುಕೊಂಡು. ಕಣ್ಣು ಪೂರ್ತಿ ತೆರೆದಿತ್ತು. ನಿದ್ದೆ ಮಾಡಮ್ಮ, ಅಂದೆ. ಅಮ್ಮ ಮಾಡಿನ ಕಡೆಗೇ ನೋಡುತ್ತಾ ಅಂದಳು:

"ಬರಲ್ಲ ಕಣೇ. ಅಭ್ಯಾಸ ಇಲ್ಲ. ಸುಮ್ನೆ ಮಲಗಿದೀನಿ."